ಟ್ಯೂಬಿಂಗನ್‌ನಿಂದ ಮರಳಿದ ಮೇಲೆ ತೀರಿಸಬೇಕಾದ ಋಣಗಳು

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಡೆದ ಕ್ರೈಸ್ತ ಸಾಹಿತ್ಯ ಸಮ್ಮೇಳನ ಮುಗಿದಿದೆ. ಕನ್ನಡದ ಪ್ರಬಂಧಗಳ ಮಂಡನೆಯಾಯಿತು, ಹೋದವರೆಲ್ಲ ಕ್ಷೇಮವಾಗಿ ಬಂದರು. ವಂದನಾರ್ಪಣೆ ಎಂದರೆ ವೇದಿಕೆಯ ಮೇಲೆ ಕೂತವರ ಹೆಸರು ಓದುವುದು ಎಂಬ ರೂಢಿ ನಮ್ಮಲ್ಲಿದೆ. ಅವರಿಗೆ ಸಲ್ಲಬೇಕಾದ ಚಪ್ಪಾಳೆ ಅಲ್ಲೇ ಸಂದಿದೆ. ಈ ಬರಹ ವೇದಿಕೆ ಹತ್ತದವರಿಗೆ. ಅವರು ಮಾಡಿದ ಕೆಲಸವೇನು, ಮಾಡದಿದ್ದರೆ ಏನು ಕೆಡುತ್ತಿತ್ತು ಎನ್ನುವುದನ್ನೂ ಬರೆದಿದ್ದೇವೆ. ಮುಂದೆ ಹೋಗುವವರಿಗೆ ಬೇಕಾದೀತು.

ನೆಕ್ಕರ್ ನದಿಯ ದಡದ ಈ ಊರಿನ ವಿಶ್ವವಿದ್ಯಾಲಯ 1477ರದು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ದೇವಶಾಸ್ತ್ರ ಓದಿದ್ದು ಇಲ್ಲಿ. ಕನ್ನಡಕ್ಕಾಗಿ ದುಡಿದದ್ದನ್ನು ಮೆಚ್ಚಿ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾಲಯ. 1894ರಲ್ಲಿ ನಿಘಂಟು ಮುಗಿಸಿದ ಕಿಟ್ಟೆಲ್‌ಗೆ 1896ರಲ್ಲಿ ಅದೇ ಗೌರವ ಸಿಕ್ಕಿತು. 1903ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಇದೇ ಊರಿನಲ್ಲಿ. ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದ ಮೊಗ್ಲಿಂಗ್ ಒಬ್ಬ ಮಿಶನರಿ ಎಂದ ಮೇಲೆ ಕ್ರೈಸ್ತ ಸಾಹಿತ್ಯದ ಬೇಲಿ ಎಲ್ಲಿ ಹಾಕುವುದು? ಸಮ್ಮೇಳನದ ಉಳಿದೆಲ್ಲ ಪ್ರಶ್ನೆಗಳಿಗಿಂತ ನಮಗೆ ಇದೇ ದೊಡ್ಡದಾಗಿ ಕಂಡಿತು.

ಮೊದಲ ನಮಸ್ಕಾರ, ವೀಸಾ ಕಾಗದಗಳನ್ನು ಸಾಲು ಸಾಲಾಗಿ ತಾಳೆ ನೋಡಿದವರಿಗೆ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ವಿಮೆ ಕನಿಷ್ಠ 30,000 ಯೂರೋಗಳದ್ದಿರಬೇಕು, ಹೋಗುವ ಮತ್ತು ಬರುವ ದಿನಗಳೂ ಅದರೊಳಗೆ ಬರಬೇಕು. ಆದರೆ ನಮ್ಮವರು ಎಡವುವುದು ಹೆಸರಿನಲ್ಲಿ. ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಪಾಸ್‌ಪೋರ್ಟಿನಲ್ಲಿ ಅದು ಊರಾಗಿ, ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಆಮಂತ್ರಣ ಪತ್ರದಲ್ಲಿ ಬರೀ ಇನಿಷಿಯಲ್, ಟಿಕೆಟ್ಟಿನಲ್ಲಿ ಮೂರನೆಯದೇ ಒಂದು ರೂಪ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ ಎಂದು ಸಂಘಟಕರಿಗೆ ಹೇಳಿ ಪತ್ರಗಳನ್ನು ಮತ್ತೆ ತರಿಸಿದ ಪುಣ್ಯಾತ್ಮರು ಇವರು. ಖರ್ಚು ಯಾರದು ಎಂಬ ಒಂದು ಸಾಲನ್ನೂ ಅದರಲ್ಲೇ ಸೇರಿಸಿಸಿದರು. ನಡುರಾತ್ರಿ ದಾಟಿ ಹೊರಡುವ ವಿಮಾನಕ್ಕೆ ಹಿಂದಿನ ಸಂಜೆಯೇ ಮನೆ ಬಿಡಬೇಕೆಂದು ಎಲ್ಲರ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದವರೂ ಇವರೇ.

ಎರಡನೆಯದು, ಡಿಟಿಪಿ ಮಾಡಿದವರಿಗೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದರು. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರ ಇದ್ದ ಪದಗಳನ್ನು ಕಣ್ಣಿಟ್ಟು ಓದಿದರು, ಪರಿವರ್ತಕ ತಪ್ಪುವುದು ಅಲ್ಲೇ. ಸ್ಲೈಡುಗಳನ್ನು ಫಾಂಟ್ ಸೇರಿಸಿ ಪಿಡಿಎಫ್ ಮಾಡಿ, ಎರಡು ಪೆನ್‌ಡ್ರೈವಿನಲ್ಲಿ ಹಾಕಿ, ಉದ್ಧರಣೆಗಳನ್ನು ಎ4 ಹಾಳೆಯಲ್ಲೂ ಅಚ್ಚು ತೆಗೆದು ಕೊಟ್ಟರು.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೋಮನ್ ಲಿಪ್ಯಂತರ ತಿದ್ದಿದವರ ಋಣ ಇನ್ನೂ ದೊಡ್ಡದು. ಸಂಸ್ಕೃತದವರು ಬಳಸುವ ಪದ್ಧತಿಯಲ್ಲಿ ಎಕಾರ, ಒಕಾರಗಳಿಗೆ ದೀರ್ಘದ ಗೆರೆ ಹಾಕುವುದಿಲ್ಲ, ಏಕೆಂದರೆ ಸಂಸ್ಕೃತದಲ್ಲಿ ಅವು ಯಾವಾಗಲೂ ದೀರ್ಘ. ಕನ್ನಡಕ್ಕೆ ಅದನ್ನೇ ಹಚ್ಚಿದರೆ ಇಂಡಾಲಜಿ ಓದಿದ ಜರ್ಮನ್ ಪ್ರಾಧ್ಯಾಪಕರ ಬಾಯಲ್ಲಿ ‘ಕೆರೆ’ ‘ಕೇರೆ’ಯಾಗುತ್ತದೆ. ನೀರು ಇರಬೇಕಾದಲ್ಲಿ ಹಾವು! ಅದಕ್ಕೇ ಐಎಸ್‌ಒ 15919 ಪದ್ಧತಿ ಹಿಡಿದು, ದೀರ್ಘ ಬಂದಲ್ಲೆಲ್ಲ ಅಡ್ಡಗೆರೆ ಹಾಕಿದರು. ಹಾಗೆಯೇ 20 ನಿಮಿಷಕ್ಕೆ ಇಂಗ್ಲಿಷಿನಲ್ಲಿ 2,200 ಪದ ಸಾಕು, ಕನ್ನಡ ಉದ್ಧರಣೆ ಓದಿ ಅರ್ಥ ಹೇಳಲು ಸಮಯ ಬೇಕು ಎಂದು ಕತ್ತರಿ ಆಡಿಸಿದರು. ಕತ್ತರಿಸುವಾಗ ಸಿಟ್ಟು ಬಂದದ್ದು ನಿಜ. ಗಂಟೆ ಬಾರಿಸುವ ಮುಂಚೆ ಮುಗಿಸಿದಾಗ ಸಿಟ್ಟು ಇಳಿಯಿತು.

ಮಿಶನರಿಗಳ ಪತ್ರ ಓದಲು ಬೇಕಾದ ಹಳೆಯ ಜರ್ಮನ್ ಕೈಬರಹ ಕಲಿಸಿದ ನಿವೃತ್ತ ಶಿಕ್ಷಕಿಗೆ ಎಷ್ಟು ವಂದಿಸಿದರೂ ಸಾಲದು. ಕುರೆಂಟ್ ಎನ್ನುವ ಆ ಬರವಣಿಗೆಯಲ್ಲಿ ‘e’ ಅಕ್ಷರ ನೋಡಲು ‘n’ನಂತೆ: ಪಕ್ಕಪಕ್ಕದಲ್ಲಿ ಎರಡು ಪುಟ್ಟ ಗೀಟು, ಅಷ್ಟೇ. ‘u’ ಕೂಡ ‘n’ನಂತೆಯೇ, ನೆತ್ತಿಯ ಮೇಲಿನ ಸಣ್ಣ ಬಿಲ್ಲೊಂದೇ ಗುರುತು. ಮಿಶನರಿಗಳು ಪತ್ರದ ನಡುವೆ ಬರುವ ಕನ್ನಡ ಪದ, ಊರ ಹೆಸರುಗಳನ್ನು ಬಹುಮಟ್ಟಿಗೆ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಗಾಗಿ ಹೊಸಬರ ಕಣ್ಣಿಗೆ ‘ಮಂಗಳೂರು’ ತಟ್ಟನೆ ಬೀಳುತ್ತದೆ, ಅದರ ಸುತ್ತಲಿನ ಜರ್ಮನ್ ಮಾತ್ರ ಬಾಯಿ ಬಿಡುವುದಿಲ್ಲ. ಆರು ವಾರ, ದಿನಕ್ಕೆ ಅರ್ಧ ತಾಸು, ಒಂದೇ ಪುಟವನ್ನು ಮತ್ತೆ ಮತ್ತೆ ನಕಲು ಮಾಡಿಸಿದ ಆಕೆಯ ಹಟದಿಂದ ಆ ಬಾಯಿ ತೆರೆಯಿತು.

ಗ್ರಂಥಾಲಯದವರಿಗೂ ವಂದನೆ. ಬೇಕಾದ ಸಂಗ್ರಹದ ಸಂಖ್ಯೆಗಳನ್ನು ಮುಂಚಿತವಾಗಿ ಈಮೇಲ್ ಮಾಡಿದ್ದರಿಂದ ಕಟ್ಟುಗಳು ಮೇಜಿನ ಮೇಲೆ ಕಾಯುತ್ತಿದ್ದವು. ಹೋಗಿ ಕೇಳಿದರೆ ಅರ್ಧ ದಿನ ಹೋದಂತೆಯೇ. ಪೆನ್ಸಿಲ್ ಮಾತ್ರ ಒಳಗೆ, ಚೀಲ ಲಾಕರಿನಲ್ಲಿ. ಟ್ಯೂಬಿಂಗನ್‌ನಲ್ಲಿ ಇರುವುದು ಮಲಯಾಳಂ ನಿಘಂಟು ಮಾಡಿದ ಮಿಶನರಿ ಹರ್ಮನ್ ಗುಂಡರ್ಟ್ ಅವರ ಸಂಗ್ರಹ. ಅದರ ಬಹುಭಾಗ 2018ರಿಂದ ಗುಂಡರ್ಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಓದಲು ಸಿಗುತ್ತದೆ. ಮೊಗ್ಲಿಂಗ್, ಕಿಟ್ಟೆಲ್ ಅವರನ್ನು ಕಳಿಸಿದ ಬಾಸೆಲ್ ಮಿಶನ್ನಿನ ಕಾಗದಪತ್ರ ಬೇಕೆಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೇ ಹೋಗಬೇಕು. ಅದೇ ವೀಸಾ ನಡೆಯುತ್ತದೆ, ದಿನ ಮಾತ್ರ ಮೊದಲೇ ಲೆಕ್ಕ ಹಾಕಿರಬೇಕು.

ಅಗ್ಗದ ರೈಲು ಟಿಕೆಟ್ ಆ ಒಂದು ರೈಲಿಗೆ ಮಾತ್ರ, ವಿಮಾನ ತಡವಾದರೆ ದುಡ್ಡು ಹೋಯಿತು ಎಂದು ಎಚ್ಚರಿಸಿ ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟಿಗೆ ಸಡಿಲ ಟಿಕೆಟ್ ಕೊಡಿಸಿದ ಸ್ಟುಟ್‌ಗಾರ್ಟ್ ಕನ್ನಡಿಗರಿಗೆ, ಭಾನುವಾರ ಅಂಗಡಿ ತೆರೆಯುವುದಿಲ್ಲವೆಂದು ಶನಿವಾರವೇ ಅಕ್ಕಿ, ಮೊಸರು ತಂದಿಟ್ಟವರಿಗೆ, ಚಟ್ನಿಪುಡಿ ಕಟ್ಟಿಕೊಟ್ಟ ಮನೆಯವರಿಗೆ ನಮಸ್ಕಾರ.

ನವೆಂಬರಿನ ಆ ಊರಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಎರವಲು ಕೊಟ್ಟ ಕೋಟುಗಳು ಚೆನ್ನಾಗಿ ಕೆಲಸ ಮಾಡಿದವು. ಎಲ್ಲವನ್ನೂ ಡ್ರೈಕ್ಲೀನ್ ಮಾಡಿಸಿ, ಕಾಲರಿಗೆ ಹೆಸರಿನ ಚೀಟಿ ಪಿನ್ ಮಾಡಿ ಇಟ್ಟಿದ್ದೇವೆ. ಬೂದು ಬಣ್ಣದ ಒಂದು ಕೋಟಿನ ಎರಡನೇ ಗುಂಡಿ ಕಳೆದಿತ್ತು, ಹೊಸದು ಹೊಲಿಸಿದೆ. ಬಣ್ಣ ಸ್ವಲ್ಪ ಕಪ್ಪಾಯಿತು, ಕ್ಷಮೆ ಇರಲಿ.