ಹಳೆಯ ಹಾಸ್ಯಚಿತ್ರಗಳಿಗೆ ಹೊಸಬರು ಎಲ್ಲಿ ನಗುತ್ತಾರೆ?

ಮಾನ್ಯರೇ,

ಮನೆಮಂದಿಯೆಲ್ಲ ಕೂತು ನೋಡುವಂಥ ಹಾಸ್ಯಚಿತ್ರಗಳು ಈಗ ಬರುತ್ತಿಲ್ಲ, ಈಗಿನ ಹುಡುಗರಿಗೆ ಹಾಸ್ಯಪ್ರಜ್ಞೆಯೇ ಇಲ್ಲ ಎಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಕಾಣಿಸುತ್ತಿರುತ್ತದೆ. ಮಳೆ ಹಿಡಿದರೆ ಹೊರಗೆ ಕಾಲಿಡಲಾಗದ ನಮ್ಮ ಸಾಗರ ಸೀಮೆಯಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಹಳೆಯ ಚಿತ್ರಗಳನ್ನು ನೋಡುವುದುಂಟು. ಹಾಗೆ ನೋಡುವಾಗ ಗಮನಿಸಿದ್ದು ಇಷ್ಟು: ಹುಡುಗರು ನಗುತ್ತಾರೆ, ಆದರೆ ನಾವು ನಕ್ಕ ಕಡೆಯಲ್ಲೆಲ್ಲ ನಗುವುದಿಲ್ಲ.

ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990) ಈಗಲೂ ಬಿದ್ದುಬಿದ್ದು ನಗಿಸುತ್ತದೆ. ವಠಾರದಲ್ಲಿ ಎದುರಾದಾಗಲೆಲ್ಲ ಕಚ್ಚಾಡುವ ಅನಂತನಾಗ್ ಮತ್ತು ವಿನಯಾ ಪ್ರಸಾದ್ ಪಾತ್ರಗಳು, ಗುರುತು ತಿಳಿಯದೆ, ಪತ್ರಗಳಲ್ಲಿ ಪರಸ್ಪರ ಒಲಿದಿರುತ್ತವೆ. ನೋಡುವವರಿಗೆಲ್ಲ ಗೊತ್ತಿರುವ ಗುಟ್ಟು ಅವರಿಬ್ಬರಿಗೆ ಮಾತ್ರ ಗೊತ್ತಿಲ್ಲ. ಅಂಚೆಯವನ ದಾರಿ ಕಾದು ಗೊತ್ತಿಲ್ಲದಿದ್ದರೂ, ಮುಖ ಕಾಣದ ಖಾತೆಗಳೊಂದಿಗೆ ಹರಟುವ ಈಗಿನವರಿಗೆ ಅದು ಹೊಸದೇನಲ್ಲ. ಮುಖ್ಯಮಂತ್ರಿ ಚಂದ್ರು ಅವರ ವಠಾರದ ಯಜಮಾನನಂತೂ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿರುವ ನಮ್ಮೂರ ಹುಡುಗರಿಗೆ ದಿನಬೆಳಗಾದರೆ ಎದುರಾಗುವ ಆಸಾಮಿ.

ಮರುವರ್ಷದ ‘ಗೌರಿ ಗಣೇಶ’ದ ವಿಷಯ ಅಷ್ಟು ಸರಳವಲ್ಲ. ತೀರಿಹೋದ ಹೆಣ್ಣುಮಗಳ ದಿನಚರಿ ಕೈಗೆ ಸಿಕ್ಕ ಲಂಬೋದರ (ಅನಂತನಾಗ್) ಅದನ್ನಿಟ್ಟುಕೊಂಡು ಸ್ಥಿತಿವಂತರಿಂದ ಹಣ ಕೀಳುವಾಗ, “ಸತ್ತವಳ ಮರ್ಯಾದೆ ಮೇಲೆ ದುಡ್ಡು ಮಾಡೋದು ತಮಾಷೆಯಾ?” ಎಂದು ಮನೆಯ ಹುಡುಗಿಯೊಬ್ಬಳು ಕೇಳಿದಳು. ಹಿಂದೆ ನಮ್ಮಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಇದು. ಆದರೂ ಅವನ ಸುಳ್ಳು ಕೊನೆಗೆ ಅವನ ಕೊರಳಿಗೇ ಸುತ್ತಿಕೊಳ್ಳುವುದರಿಂದ ಚಿತ್ರ ಗೆಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಆಕೆ ಇನ್ನೂ ಒಪ್ಪಿಲ್ಲ.

ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ಹಾಡುವುದಕ್ಕೆ ಎಲ್ಲರೂ ತಲೆದೂಗುತ್ತಾರೆ. ಆದರೆ ಮಂಜುಳಾ ಅವರ ಸೊಕ್ಕಿನ ಪಾತ್ರವನ್ನು ಬಗ್ಗಿಸುವ ದೃಶ್ಯಗಳು ಬಂದಾಗ ಕಿರಿಯರು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ದಪ್ಪಗಿರುವವರು, ತೊದಲುವವರು, ಕಪ್ಪಗಿರುವವರು ತೆರೆಗೆ ಬಂದೊಡನೆ ನಗಬೇಕೆಂದು ನಿರೀಕ್ಷಿಸುವ ಚಿತ್ರಗಳ ಪಾಡೂ ಅದೇ, ಮತ್ತು ಅದರಲ್ಲಿ ನಷ್ಟವೇನೂ ಇಲ್ಲ. ದ್ವಂದ್ವಾರ್ಥದ ಮಾತುಗಳಿಗೆಂದೇ ಚಿತ್ರರಂಗ ಬಹುಕಾಲ ಕರೆಯುತ್ತಿದ್ದ ಉಮಾಶ್ರೀ ಅವರಿಗೆ, ನಮ್ಮ ತೀರ್ಥಹಳ್ಳಿ ಕಡೆಯವರೇ ಆದ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಅದನ್ನು ನೋಡಿದ ಮೇಲೆ ಅವರ ಹಳೆಯ ಪಾತ್ರಗಳಿಗೆ ಮೊದಲಿನಂತೆ ನಗುವುದು ನಮಗೂ ಕಷ್ಟವೇ.

ಟಿ.ವಿ. ವಾಹಿನಿಗಳು ಇಂಥ ಚಿತ್ರಗಳಿಂದ ನಗೆತುಣುಕುಗಳನ್ನಷ್ಟೇ ಕತ್ತರಿಸಿ ಸಾಲಾಗಿ ತೋರಿಸುವುದರಿಂದ, ಅರ್ಧ ಗಂಟೆ ಹೂಡಿಟ್ಟ ಸನ್ನಿವೇಶದ ಸೊಗಸು ಹೋಗಿ ಬೈಗುಳ ಮತ್ತು ಕಪಾಳಮೋಕ್ಷ ಮಾತ್ರ ಉಳಿಯುತ್ತವೆ. ಹೆಗ್ಗೋಡಿನಂಥ ಹಳ್ಳಿಯಲ್ಲೇ ನೀನಾಸಂ ಎಂಬ ರಂಗಸಂಸ್ಥೆಯ ಚಿತ್ರಸಮಾಜ ಕಟ್ಟಿ, ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿ ಚರ್ಚೆಗೆ ಹಚ್ಚಿದ ಜಿಲ್ಲೆ ನಮ್ಮದು. ನಮ್ಮ ಹಾಸ್ಯಚಿತ್ರಗಳಿಗೂ ಅಂಥ ಚರ್ಚೆ ಸಲ್ಲಬೇಕು. ಆದ್ದರಿಂದ ತಮ್ಮ ಸಿನಿಮಾ ಪುರವಣಿಯಲ್ಲಿ ವಾರಕ್ಕೊಂದು ಹಳೆಯ ಹಾಸ್ಯಚಿತ್ರವನ್ನು, ಬರೀ ಹೊಗಳದೆ, ಇಂದಿನ ಕಣ್ಣಿನಿಂದ ವಿಮರ್ಶಿಸುವ ಅಂಕಣ ಆರಂಭಿಸಬೇಕೆಂದು ಕೋರುತ್ತೇನೆ. ನರಸಿಂಹರಾಜು, ಬಾಲಕೃಷ್ಣ ಅವರಿಂದ ಮೊದಲಾದರೆ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿಯೇ ಇರದ ಮಕ್ಕಳಿಗೂ ಉಪಕಾರವಾದೀತು.

– ಓರ್ವ ಓದುಗ, ಸಾಗರ