ಎರಡು ಬೋರ್ಡು, ಒಂದು ಬೀಗ

ಮಾನ್ಯರೇ,

ವಿಶ್ವವಿದ್ಯಾಲಯ ಮತ್ತು ಪಾಲಿಕೆ ಸೇರಿ ಕಟ್ಟಿದ ಹೊಸ ಕಟ್ಟಡದ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿದೆ. ಫೋಟೊ ಚೆನ್ನಾಗಿದೆ. ಫೋಟೊದಲ್ಲಿ ಬಾಗಿಲು ತೆರೆದಿದೆ. ನಿನ್ನೆ ನಾನು ಹೋದಾಗ ಅದೇ ಬಾಗಿಲಿಗೆ ಬೀಗ ಹಾಕಿತ್ತು.

ಜೊತೆಗೆ ಅಪ್ಪ ಇದ್ದರು. ಅವರಿಗೆ 76 ವರ್ಷ, ಮೊಣಕಾಲು ನೋವು. ಮೂರನೇ ಮಹಡಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಬೇಕಿತ್ತು, ಅಷ್ಟೇ. ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು, ‘ಪರೀಕ್ಷೆ ನಡೆಯುತ್ತಿದೆ, ಹಿಂದಿನ ಬಾಗಿಲಿನಿಂದ ಬನ್ನಿ’ ಅಂತ. ಕೆಳಗೆ ಪೆನ್ನಿನಲ್ಲಿ ಬಾಣ. ಬಾಣದ ದಿಕ್ಕಿನಲ್ಲೇ ಹೋದರೆ ಸಿಕ್ಕಿದ್ದು ಜನರೇಟರ್ ಕೋಣೆ. ಮಳೆ ಬೇರೆ. ಇಡೀ ಕಟ್ಟಡ ಸುತ್ತಿ ಕ್ಯಾಂಪಸ್ ಗೇಟಿಗೆ ಬಂದರೆ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು ‘ಯಾವ ಡಿಪಾರ್ಟ್‌ಮೆಂಟು?’ ಅಂದರು. ಅಪ್ಪ ಸಿಟ್ಟಿನಲ್ಲಿ ‘ಮೊಣಕಾಲು’ ಅಂದರು. ಅವರು ನಗಲಿಲ್ಲ, ಹಾಗೇ ಬರೆದುಕೊಂಡರು.

ಒಳಗೆ ಲಿಫ್ಟ್ ಇದೆ, ಆದರೆ ಕಾರ್ಡ್ ತೋರಿಸಬೇಕು. ಕಾರ್ಡ್ ಇರುವುದು ವಿದ್ಯಾರ್ಥಿಗಳಿಗೆ. ಊರಿನವರಿಗೆ ಬೇರೆ ಲಿಫ್ಟ್ ಇದೆಯಂತೆ, ಎಲ್ಲಿ ಅಂದರೆ ಆ ಬೀಗ ಹಾಕಿದ ಬಾಗಿಲಿನ ಹತ್ತಿರ! ಯಾರೋ ಹುಡುಗಿ ಪಾಪ ತನ್ನ ಕಾರ್ಡ್ ಒತ್ತಿ ನಮ್ಮನ್ನು ಮೇಲೆ ಕಳಿಸಿದಳು. ಮೇಲೆ ಹೋಗಿ ಕೂತರೆ ತಲೆಯ ಮೇಲೆ ಧಬಧಬ ಸದ್ದು. ಓದುವ ಕೋಣೆಯ ನೆತ್ತಿಯ ಮೇಲೇ ನೃತ್ಯದ ಅಭ್ಯಾಸ ಇಟ್ಟಿದ್ದಾರೆ. ಶೌಚಾಲಯದ ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’. ಐದು ಗಂಟೆಗೆ ದೀಪ ಆರಿತು. ಗ್ರಂಥಾಲಯದ ಸಮಯ ಎಂಟರವರೆಗೆ, ಆದರೆ ಸ್ವಿಚ್ಚು ವಿವಿಯವರ ಕಡೆ ಇದೆ, ಅವರ ಕೆಲಸ ಐದಕ್ಕೆ ಮುಗಿಯುತ್ತದೆ. ಈ ಕೌಂಟರ್‌ನಲ್ಲಿ ಕೇಳಿದರೆ ‘ಅದು ಪಾಲಿಕೆಯವರದ್ದು’, ಆ ಕೌಂಟರ್‌ನಲ್ಲಿ ಕೇಳಿದರೆ ‘ಅದು ವಿವಿಯವರದ್ದು’. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸಿಗೆ 76 ವರ್ಷ.

ಇಂಥ ಕಟ್ಟಡ ಕಟ್ಟಲು ಬರುವುದೇ ಇಲ್ಲ ಅಂತಲ್ಲ. ಅಮೆರಿಕದ ಸ್ಯಾನ್ ಹೊಸೆಯಲ್ಲಿ ಊರಿನವರೂ ವಿಶ್ವವಿದ್ಯಾಲಯದವರೂ ಒಂದೇ ಗ್ರಂಥಾಲಯ ಬಳಸುತ್ತಿದ್ದಾರೆ, 2003ರಿಂದ. ಇಂಗ್ಲೆಂಡಿನ ವೂಸ್ಟರ್‌ನಲ್ಲಿ 2012ರಲ್ಲಿ ಶುರುವಾದ ‘ಹೈವ್’ನಲ್ಲಿ ಮಕ್ಕಳ ಪುಸ್ತಕ, ವಿದ್ಯಾರ್ಥಿಗಳ ಪುಸ್ತಕ, ಜಿಲ್ಲೆಯ ಹಳೇ ದಾಖಲೆ ಎಲ್ಲಾ ಒಂದೇ ಸೂರಿನಡಿ ಇವೆ. ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ‘ಟೌನ್ ಹೌಸ್’ನಲ್ಲೂ ಗ್ರಂಥಾಲಯ, ನೃತ್ಯದ ಸ್ಟುಡಿಯೊ ಎರಡೂ ಇವೆ. ಅದಕ್ಕೆ 2021ರಲ್ಲಿ, ಒಳ್ಳೆಯ ಕಟ್ಟಡ ವಿನ್ಯಾಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ ಬಂತು. ನಮ್ಮವರು ಇವನ್ನೆಲ್ಲ ನೋಡಿಯೇ ಇರುತ್ತಾರೆ, ಅಧ್ಯಯನ ಪ್ರವಾಸ ಅನ್ನುವುದೊಂದು ಇರುತ್ತದಲ್ವಾ. ನೋಡಿಕೊಂಡು ಬಂದಿದ್ದು ಬರೀ ಗಾಜು ಅಂತ ಕಾಣುತ್ತದೆ.

ನಾನು ಎಂಜಿನಿಯರ್ ಅಲ್ಲ. ಆದರೂ ಬೀಗದ ಕೈ ಯಾರ ಹತ್ತಿರ, ಕರೆಂಟ್ ಬಿಲ್ ಯಾರು ಕಟ್ಟಬೇಕು, ಗುಡಿಸುವವರು ಯಾರು, ರಜೆಯ ದಿನ ಯಾರು ತೆರೆಯಬೇಕು ಅನ್ನುವುದು ನಕ್ಷೆ ಬರೆಯುವ ಮುಂಚೆ ತೀರ್ಮಾನ ಆಗಬೇಕು ಅನ್ನುವಷ್ಟು ಗೊತ್ತು. ಊರಿನವರು ಬರುವ ಜಾಗ ಕೆಳಗಿರಲಿ, ಪರೀಕ್ಷೆ, ತರಗತಿ ಮೇಲಿರಲಿ, ಮೇಲಿನ ಮಹಡಿಗಳನ್ನು ಮುಚ್ಚಿದರೂ ಕೆಳಗಿನದು ತೆರೆದಿರಲಿ. ದೀಪದ ವೈರಿಂಗೂ ಹಾಗೆಯೇ, ಬೇರೆ ಬೇರೆ. ಇದೇನು ಬ್ರಹ್ಮವಿದ್ಯೆಯಾ? ಇನ್ನೊಂದು ವಿಷಯ ನೋಡಿ ನಿಜವಾಗಿಯೂ ಹೆದರಿಕೆಯಾಯಿತು. ಓದುವ ಕೋಣೆಯ ತುರ್ತು ನಿರ್ಗಮನದ ಬಾಗಿಲು ವಿವಿಯ ಕಾರಿಡಾರಿಗೆ ತೆರೆಯುತ್ತದೆ, ಅದಕ್ಕೆ ಆ ಕಡೆಯಿಂದ ಚಿಲಕ. ಬೆಂಕಿ ಬಿದ್ದರೆ ನಾವು ಯಾವ ಡಿಪಾರ್ಟ್‌ಮೆಂಟು ಅಂತ ಹೇಳಿ ಹೊರಗೆ ಹೋಗಬೇಕೇನೋ.

ಇದೇ ಅಧಿಕಾರಿಗಳು ತಾನೇ ಆ ಕಟ್ಟಡದ ಮುಂದಿನ ರಸ್ತೆಯನ್ನು ಡಾಂಬರು ಹಾಕಿದ ಮರುವಾರವೇ ಪೈಪಿಗೆ ಅಂತ ಅಗೆಸಿದ್ದು. ಬಸ್ ನಿಲ್ದಾಣವನ್ನು ತಾತ್ಕಾಲಿಕ ಅಂತ ಅತ್ತ ಸರಿಸಿದ್ದೂ ಇವರೇ, ಅದು ಇನ್ನೂ ತಾತ್ಕಾಲಿಕವಾಗಿಯೇ ಇದೆ. ಬೀದಿದೀಪದ ಬಗ್ಗೆ ನಾನು ಕೊಟ್ಟ ಮೂರು ಅರ್ಜಿ ಎಲ್ಲಿವೆಯೋ, ಆ ಮಾತು ಬೇಡ ಬಿಡಿ. ಉದ್ಘಾಟನೆಯ ಕಲ್ಲಿನ ಮೇಲೆ ಮಾತ್ರ ಇಪ್ಪತ್ತು ಹೆಸರಿವೆ, ಒಂದರಲ್ಲೂ ಕಾಗುಣಿತದ ತಪ್ಪಿಲ್ಲ.

ಸಂಬಂಧಪಟ್ಟವರು ಕೂಡಲೇ ಆ ಬಾಗಿಲು ತೆರೆಸಬೇಕು. ಇಲ್ಲವೇ ‘ಸಾರ್ವಜನಿಕರಿಗೆ ಸ್ವಾಗತ’ ಅನ್ನುವ ಬೋರ್ಡನ್ನಾದರೂ ಕಿತ್ತುಹಾಕಬೇಕು. ಎರಡೂ ಆಗದಿದ್ದರೆ ಆ ಇಪ್ಪತ್ತು ಹೆಸರಿನವರು ಒಂದು ದಿನ ಕಾರ್ಡಿಲ್ಲದೆ ಮೂರನೇ ಮಹಡಿಗೆ ಹೋಗಿ ತೋರಿಸಲಿ. ಮಳೆಯಲ್ಲಿ.

– ನೊಂದ ಓದುಗ