ಬಾಗಿಲಲ್ಲಿ ಬರೆದಿರುವುದನ್ನು ಓದಿ ಒಳಗೆ ಹೋಗು

ಶುಗರ್ ಲ್ಯಾಂಡ್, ಟೆಕ್ಸಸ್

ಚಿರಂಜೀವಿ ಸುಹಾಸನಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಪಿಸ್ತೂಲು ಕೊಂಡದ್ದನ್ನೂ, ಅದನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯುವ ಪರವಾನಗಿ ಬಂದದ್ದನ್ನೂ ನೀನು ಫೋನಿನಲ್ಲಿ ಹೇಳಿದಾಗ ನಾನು ಹೆಚ್ಚು ಮಾತನಾಡಲಿಲ್ಲ. ಬೇಡ ಎನ್ನುವ ಬಾಯಿ ನನಗಿಲ್ಲ. ರಾತ್ರಿ ಪಾಳಿ ಮಾಡುತ್ತಿದ್ದ ಪೆಟ್ರೋಲ್ ಬಂಕಿನಲ್ಲಿ ಎರಡು ಸಲ ದರೋಡೆಯಾದ ಮೇಲೆ, 1997ರಲ್ಲಿ, ನಾನೂ ಅದನ್ನೇ ತೆಗೆದುಕೊಂಡೆ. ಆದರೆ ಎಲ್ಲಿ ಒಯ್ಯಬಹುದು, ಎಲ್ಲಿ ಕೂಡದು ಎಂಬುದನ್ನು ನಿನಗೆ ಕೂತು ಬರೆಯಲೇಬೇಕು ಅನ್ನಿಸಿತು.

ಏಕೆಂದರೆ ನಿನ್ನ ಸ್ಥಿತಿ ನಿನ್ನ ಪಕ್ಕದ ಮನೆಯವನ ಸ್ಥಿತಿಯಲ್ಲ. ಅವನು ಇಲ್ಲಿಯ ಪ್ರಜೆ. ತಪ್ಪಿ ನಡೆದರೆ ದಂಡವೋ ಜೈಲೋ ಆಗಿ ಮುಗಿಯುತ್ತದೆ. ನಿನ್ನದು ಗ್ರೀನ್ ಕಾರ್ಡ್. ಬಂದೂಕನ್ನು ಕಾನೂನು ಮೀರಿ ಇಟ್ಟುಕೊಂಡ ಅಥವಾ ಒಯ್ದ ಅಪರಾಧ ಸಾಬೀತಾದರೆ, ಪ್ರಜೆಯಲ್ಲದವನನ್ನು ಗಡೀಪಾರು ಮಾಡಲು ವಲಸೆ ಕಾನೂನು ಅವಕಾಶ ಕೊಡುತ್ತದೆ. ಹನ್ನೊಂದು ವರ್ಷ ಕಾದು ಪಡೆದದ್ದನ್ನು ಒಂದು ಮರೆವು ತಿಂದುಹಾಕಬಾರದು. ಈ ಭಯ ನನಗಿರುವುದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನ ಅಜ್ಜನ ಕೋವಿ ನಿನಗೆ ನೆನಪಿರಲಾರದು. ತೋಟಕ್ಕೆ ಮಂಗ, ಹಂದಿ ಬರುತ್ತಿದ್ದ ಕಾಲಕ್ಕೆ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು ಅದು. ಚುನಾವಣೆ ಘೋಷಣೆಯಾದರೆ ಅದನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಯ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಿತ್ತು. ಹುಡುಗನಾಗಿದ್ದ ನಾನು ಜೊತೆಗೆ ಹೋಗುತ್ತಿದ್ದೆ. ಇಲ್ಲಿ ಯಾರೂ ಪಿಸ್ತೂಲು ಒಪ್ಪಿಸು ಎನ್ನುವುದಿಲ್ಲ, ಆದರೆ ಟೆಕ್ಸಸ್‌ನಲ್ಲೂ ಮತಗಟ್ಟೆಯೊಳಗೆ ಅದನ್ನು ತರುವಂತಿಲ್ಲ. ಮತದಾನದ ದಿನ ಮಾತ್ರವಲ್ಲ, ಅದಕ್ಕೆ ಮುಂಚೆ ನಡೆಯುವ ಮುಂಗಡ ಮತದಾನದ ದಿನಗಳಲ್ಲೂ. ನೀನು ಎಡವುವುದು ಇಲ್ಲಿಯೇ ಎಂದು ನನಗೆ ಅನುಮಾನ. ನಿನಗೆ ಓಟಿಲ್ಲ, ಹಾಗಾಗಿ ಚುನಾವಣೆ ಯಾವಾಗ ಎಂಬ ಗಮನವೂ ಇಲ್ಲ. ನೀನು ಪ್ರತಿ ವಾರ ಹೋಗುವ ಗ್ರಂಥಾಲಯದ ಕೋಣೆಯಲ್ಲಿ ಒಂದು ಬೆಳಗ್ಗೆ ಮತಯಂತ್ರ ಇಟ್ಟರೆ ಸಾಕು, ನಿನ್ನೆ ಸರಿಯಾಗಿದ್ದದ್ದು ಇಂದು ಅಪರಾಧವಾಗುತ್ತದೆ. ಕೌಂಟಿಯ ಚುನಾವಣಾ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ.

ಶಾಲೆಯ ವಿಷಯ ಇನ್ನೂ ಕಠಿಣ. ನಮ್ಮ ಪುಟ್ಟಿಯ ಸಂಗೀತ ಕಾರ್ಯಕ್ರಮಕ್ಕೆ ಪ್ರತಿ ವರ್ಷ ಬರುತ್ತೀಯಲ್ಲ, ಅದು ಶಾಲೆಯ ಕಟ್ಟಡದಲ್ಲಿ ನಡೆಯದೆ ಬೇರೆ ಸಭಾಂಗಣದಲ್ಲಿ ನಡೆದರೂ ಶಾಲೆ ಏರ್ಪಡಿಸಿದ ಕಾರ್ಯಕ್ರಮವೇ. ಅಲ್ಲಿಗೂ ನಿಷೇಧ ಅನ್ವಯಿಸುತ್ತದೆ. ನ್ಯಾಯಾಲಯ, ಜೈಲು, ಕಾಲೇಜು ಕ್ರೀಡಾಕೂಟಗಳೂ ಹಾಗೆಯೇ. ಗೆಳೆಯರೊಡನೆ ಊಟಕ್ಕೆ ಹೋದಾಗ ಬಾಗಿಲಲ್ಲಿ ಕೆಂಪು ಅಕ್ಷರದ 51 ಕಂಡರೆ, ಆ ಜಾಗದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಮದ್ಯದಿಂದ ಬರುತ್ತದೆ ಎಂದು ಅರ್ಥ. ಒಳಗೆ ಒಯ್ಯುವಂತಿಲ್ಲ. ಬಿರಿಯಾನಿಯ ಜೊತೆ ಬಿಯರ್ ಕೊಡುವ ಹೋಟೆಲಿಗೆ ಈ ಫಲಕ ಇರಲಿಕ್ಕಿಲ್ಲ, ಆದರೂ ನೀನು ಕುಡಿಯುವ ದಿನ ಪಿಸ್ತೂಲು ಮನೆಯಲ್ಲಿರಲಿ. ಅಮಲಿನಲ್ಲಿ ಅದನ್ನು ಒಯ್ಯುವುದೇ ಅಪರಾಧ.

ಇನ್ನು ಖಾಸಗಿ ಜಾಗಗಳು. ಅಂಗಡಿಯವನಿಗೆ ಬೇಡವಾದರೆ ದಂಡಸಂಹಿತೆಯ 30.06ನೆಯ ಸೆಕ್ಷನ್ನಿನ ಫಲಕ ಹಾಕುತ್ತಾನೆ. ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ, ಕನಿಷ್ಠ ಒಂದು ಅಂಗುಲದ ಅಕ್ಷರಗಳಲ್ಲಿ ಇರುತ್ತದೆ. ಪರವಾನಗಿ ಇದ್ದವನು ಮರೆಮಾಡಿ ಒಯ್ಯುವುದನ್ನು ತಡೆಯುವುದು ಅದು. 30.07 ಬಹಿರಂಗವಾಗಿ ಧರಿಸುವವರಿಗೆ, 30.05 ಪರವಾನಗಿ ಇಲ್ಲದವರಿಗೆ. 30.06 ಮೀರಿದರೆ 200 ಡಾಲರ್‌ವರೆಗೆ ದಂಡ. ಹೊರಗೆ ಹೋಗು ಎಂದು ಬಾಯಿಬಿಟ್ಟು ಹೇಳಿದ ಮೇಲೂ ನಿಂತರೆ ಜೈಲಿನ ಮಾತು. ಆಸ್ಪತ್ರೆಯ ಬಾಗಿಲಲ್ಲೂ ಇದನ್ನು ನೋಡಿದ್ದೇನೆ. ಶ್ವೇತಾಳಿಗೆ ಹೆರಿಗೆ ನೋವು ಕಾಣಿಸಿಕೊಂಡು ನೀವಿಬ್ಬರೂ ಓಡುವ ರಾತ್ರಿ ಫಲಕ ಓದುವ ಸ್ಥಿತಿ ನಿನಗಿರುವುದಿಲ್ಲ. ತಿಂಗಳು ತುಂಬಿದ ಮೇಲೆ ಅದನ್ನು ಸೊಂಟಕ್ಕೆ ಕಟ್ಟಲೇಬೇಡ.

ದೇವಸ್ಥಾನದ ಬಗ್ಗೆ ನೀನು ಕೇಳಿದ್ದೆ. 2019ರ ಸೆಪ್ಟೆಂಬರಿನಿಂದ ಪೂಜಾಸ್ಥಳಗಳು ನಿಷೇಧದ ಪಟ್ಟಿಯಲ್ಲಿಲ್ಲ. ಆಡಳಿತ ಮಂಡಳಿ ಫಲಕ ಹಾಕಿದ್ದರೆ ಮಾತ್ರ ತಡೆ. ಕಾನೂನು ಒಪ್ಪಿದರೂ ನನಗೆ ಒಪ್ಪಿಗೆಯಿಲ್ಲ. ಅಂಗಿ ಬಿಚ್ಚಿ ಪಂಚೆಯಲ್ಲಿ ಉದ್ದಂಡ ನಮಸ್ಕಾರ ಮಾಡುವವನು ಅದನ್ನು ಎಲ್ಲಿಡುತ್ತಾನೆ? ಚೀಲದಲ್ಲಿ ಬಿಟ್ಟರೆ ಪ್ರಾಕಾರದಲ್ಲಿ ಓಡಾಡುವ ಮಕ್ಕಳ ಕೈಗೆ ಸಿಗುತ್ತದೆ.

ಕೇಂದ್ರ ಸರ್ಕಾರದ ಜಾಗಗಳಿಗೆ ಟೆಕ್ಸಸ್‌ನ ಪರವಾನಗಿ ಲೆಕ್ಕಕ್ಕಿಲ್ಲ. ಒಮ್ಮೆ ಊರಿಗೆ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ಇಬ್ಬರೇ ಇದ್ದಾಗ ಸೊಂಟದಲ್ಲಿ ಪಿಸ್ತೂಲಿರುವುದು ನೆನಪಾಯಿತು. ಕೈಕಾಲು ತಣ್ಣಗಾದವು. ಪಾರ್ಸೆಲ್ ಹಿಡಿದುಕೊಂಡೇ ಮನೆಗೆ ಬಂದೆ, ನಿನ್ನ ಚಿಕ್ಕಮ್ಮನಿಗೆ ಎಷ್ಟೋ ದಿನ ಹೇಳಲಿಲ್ಲ. ಅಂಚೆ ಕಚೇರಿಯ ಪಾರ್ಕಿಂಗಿಗೂ ಆ ನಿಯಮವಿದೆ. ಅದರ ಮೇಲೆ ಕೋರ್ಟುಗಳಲ್ಲಿ ವ್ಯಾಜ್ಯ ನಡೆದಿದೆ, ಆದರೆ ಆ ವಾದ ನಿನ್ನ ಮೈಮೇಲೆ ತೀರ್ಮಾನವಾಗುವುದು ಬೇಡ. ಮುಂದೊಂದು ದಿನ ನೀನು ಪೌರತ್ವದ ಸಂದರ್ಶನಕ್ಕೆ ಹೋಗುವ ವಲಸೆ ಕಚೇರಿಯೂ ಕೇಂದ್ರದ್ದೇ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ 2023ರಲ್ಲಿ ಈ ದೇಶದಲ್ಲಿ ಸಿಕ್ಕ ಬಂದೂಕುಗಳು 6,737. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗುಂಡು ತುಂಬಿದ್ದವು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಿನ್ನ ಕಪ್ಪು ಬೆನ್ನುಚೀಲ. ಗುರಿ ಅಭ್ಯಾಸಕ್ಕೆ ಒಯ್ಯುವುದೂ ಅದೇ, ಊರಿಗೆ ಒಯ್ಯುವುದೂ ಅದೇ. ಅದರ ಮಡಿಕೆಯಲ್ಲಿ ಉಳಿದ ಒಂದು ತೋಟೆ ದೇವನಹಳ್ಳಿಯ ನಿಲ್ದಾಣದಲ್ಲಿ ಸಿಕ್ಕರೆ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಅಭ್ಯಾಸಕ್ಕೆ ಬೇರೆ ಚೀಲ ಇಟ್ಟುಕೋ, ಅದು ಎಂದೂ ವಿಮಾನ ಹತ್ತದಿರಲಿ. ಕ್ಯಾಲಿಫೋರ್ನಿಯಾ ಬೇರೆ ರಾಜ್ಯಗಳ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ, ಆದ್ದರಿಂದ ಅಕ್ಕನ ಮನೆಗೆ ಕಾರಿನಲ್ಲಿ ಹೊರಡುವಾಗಲೂ ಬಿಟ್ಟು ಹೋಗು.

ನಿನ್ನ ಭಾವಮೈದುನ ಎಚ್-1ಬಿ ವೀಸಾದಲ್ಲಿ ನಿಮ್ಮ ಜೊತೆ ಇದ್ದಾನೆ. ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆ ವೀಸಾದವರು ಬಂದೂಕು ಹೊಂದುವಂತಿಲ್ಲ. ಫೋಟೋಕ್ಕೆ ಎಂದು ಕೇಳಿದರೂ ಅವನ ಕೈಗೆ ಕೊಡಬೇಡ, ಬೀಗದ ಕೀಲಿಯೂ ಅವನಿಗೆ ಸಿಗದಿರಲಿ.

ಇಷ್ಟು ಬಾಗಿಲುಗಳ ನಡುವೆ ದಿನಕ್ಕೆ ನಾಲ್ಕು ಸಲ ತೆಗೆದು ಕಾರಿನಲ್ಲಿಡಬೇಕಾಗುತ್ತದೆ. ಕಾರಿನ ಗಾಜು ಒಡೆದು ಕದಿಯುವವರು ಇಂಥದ್ದನ್ನೇ ಹುಡುಕುತ್ತಾರೆ. ಅದಕ್ಕೆ ಬೆಳಗ್ಗೆ ಬೂಟು ಹಾಕುವಾಗಲೇ ಅಂದು ಎಲ್ಲೆಲ್ಲಿ ಹೋಗಲಿಕ್ಕಿದೆ ಎಂದು ಮನಸ್ಸಿನಲ್ಲಿ ಓಡಿಸಿಕೋ. ಒಂದು ಬಾಗಿಲು ಅನುಮಾನವೆನಿಸಿದರೂ ಇಡೀ ದಿನ ಅದು ಪೆಟ್ಟಿಗೆಯಲ್ಲಿರಲಿ. ನಾನು ಈಗ ಹೆಚ್ಚಿನ ದಿನ ಹಾಗೆಯೇ ಮಾಡುತ್ತೇನೆ.

ಶನಿವಾರ ಡ್ರಿಲ್ ತೆಗೆದುಕೊಂಡು ಬರುತ್ತೇನೆ. ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸೋಣ. ಅತ್ತಿಗೆಗೆ ನಾನೇ ಫೋನ್ ಮಾಡಿ ಎಲ್ಲ ತಿಳಿಸಿದ್ದೇನೆ. ನೀನೂ ಒಮ್ಮೆ ಮಾತನಾಡು, ಪಾಪ, ನಿದ್ದೆ ಮಾಡಿಲ್ಲ.

ಇತಿ,
ನಿನ್ನ ಚಿಕ್ಕಪ್ಪ